ಫ್ರೆಂಚ್ ಯಾರಪ್ಪನ ಮನೆ ಸೊತ್ತು?

"ನಿಮಗ್ಯಾಕ್ರೀ ಫ್ರೆಂಚು?"

ಈ ಮಾತನ್ನು ಕೇಳಿ ಕೇಳಿ ನಮಗೆ ಸಾಕಾಗಿದೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಾ ಕೂರುವ ಬದಲು ಎಲ್ಲರಿಗೂ ಒಟ್ಟಿಗೇ ಹೇಳಿಬಿಡುವುದು ಮೇಲು. ಕೇಳುವವರೂ ಒಂದೇ ಜಾತಿಯವರಲ್ಲ. ಸ್ಟಾಫ್ ರೂಮಿನ ಮೇಷ್ಟ್ರು ನಗುತ್ತಾ ಕೇಳುತ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರು ಬಾಯಿಬಿಟ್ಟು ಕೇಳುವುದೇ ಇಲ್ಲ, ನಮ್ಮ ಕೈಯಲ್ಲಿರುವ ಪುಸ್ತಕವನ್ನೂ ನಮ್ಮ ಮುಖವನ್ನೂ ಒಂದು ಸಲ ನೋಡುತ್ತಾರೆ, ಅಷ್ಟೆ. ನಮ್ಮ ಜೊತೆ ಧರಣಿಯಲ್ಲಿ ಬಿಸಿಲು ಕುಡಿದ ಸಂಗಾತಿಗಳು ಮಾತ್ರ ಸಿಟ್ಟಿನಿಂದ ಕೇಳುತ್ತಾರೆ. ಈ ಮೂವರಲ್ಲಿ ಸಿಟ್ಟಾದವರ ಮೇಲೆ ನಮಗೆ ಗೌರವವಿದೆ. ಅವರಿಗೆ ಕೊನೆಯಲ್ಲಿ ಉತ್ತರ ಕೊಡುತ್ತೇವೆ.

ನಾವು ಅಂದರೆ ಯಾರು? ಹಳ್ಳಿ ಶಾಲೆಯ ಮೇಷ್ಟ್ರುಗಳು, ಸಂಘಟನೆಯ ಕೆಲಸದವರು, ಕಾಲೇಜು ಬಿಟ್ಟು ವರ್ಷಗಳಾದ ಕೆಲವರು. ನಮ್ಮಲ್ಲಿ ಒಂದಿಬ್ಬರು ಪಿಯುಸಿಯಲ್ಲಿ ಅಂಕ ಸಲೀಸು ಅಂತ ಫ್ರೆಂಚ್ ತಗೊಂಡು, ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮುಚ್ಚಿಟ್ಟವರು. ಇನ್ನು ಕೆಲವರು ಪೇಟೆಯಲ್ಲಿ ಎರಡು ತಿಂಗಳು ಕ್ಲಾಸಿಗೆ ಹೋಗಿ, ಮೂರನೇ ತಿಂಗಳ ಫೀಜಿಗೆ ದುಡ್ಡು ಹೊಂದದೆ ನಿಂತುಹೋದವರು. ಈಗ ಮೂವತ್ತೈದೋ ನಲವತ್ತೈದೋ ದಾಟಿದ ಮೇಲೆ ಮತ್ತೆ ಹಿಡಿದಿದ್ದೇವೆ. ಮೇಷ್ಟ್ರಿಲ್ಲ, ಕ್ಲಾಸಿಲ್ಲ, ಸರ್ಟಿಫಿಕೇಟಿನ ಆಸೆಯಿಲ್ಲ. ಒಂದು ಹಳೇ ವ್ಯಾಕರಣದ ಪುಸ್ತಕ, ಒಂದು ನೋಟ್‌ಬುಕ್ಕು, ಫೋನಿನಲ್ಲಿ ಬರುವ ರೇಡಿಯೋ. ಇಷ್ಟೇ ನಮ್ಮ ಬಂಡವಾಳ.

ಇಷ್ಟಕ್ಕೇ ಯಾಕಿಷ್ಟು ತಗಾದೆ?

ಮೊದಲನೇ ತಗಾದೆ ವಯಸ್ಸಿನದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ಈ ಗಾದೆಯನ್ನು ಯಾರ ಮೇಲೆ ಎಸೆಯುತ್ತಾರೆ ಅನ್ನೋದನ್ನ ಸ್ವಲ್ಪ ಗಮನಿಸಿ. ದೊಡ್ಡ ಅಧಿಕಾರಿ ನಿವೃತ್ತಿಯಾದ ಮೇಲೆ ವೀಣೆ ಕಲಿತರೆ ಅದು ಸಂಸ್ಕಾರ. ಕೂಲಿಯವರ ಮಗ ನಲವತ್ತಕ್ಕೆ ಒಂದು ಭಾಷೆ ಕಲಿತರೆ ಅದು ಹುಚ್ಚು. ಮರ ಬಗ್ಗುವುದಿಲ್ಲ ಅನ್ನುವವರು ಗಿಡಕ್ಕೆ ನೀರು ಹಾಕಿದ್ದರೇ? ನಮ್ಮ ಹತ್ತನೇ ವಯಸ್ಸಿನಲ್ಲಿ ಈ ಪುಸ್ತಕ ನಮ್ಮ ಕೈಗೆ ಕೊಟ್ಟಿದ್ದರೇ? ಕೊಡಬೇಕಾದ ಕಾಲಕ್ಕೆ ಕೊಡದೆ, ನಾವೇ ಹುಡುಕಿಕೊಂಡ ಕಾಲಕ್ಕೆ "ಹೊತ್ತು ಮೀರಿತು" ಅನ್ನುವುದು ನ್ಯಾಯದ ಮಾತಲ್ಲ, ಯಜಮಾನಿಕೆಯ ಮಾತು.

ವಿಜ್ಞಾನ ಏನನ್ನುತ್ತದೆ ಅಂತ ಕೇಳುವವರಿಗೂ ಉತ್ತರವಿದೆ. ಎರಿಕ್ ಲೆನೆಬರ್ಗ್ ಅನ್ನುವ ಪಂಡಿತ 1967ರಲ್ಲಿ ಭಾಷೆ ಕಲಿಯುವುದಕ್ಕೂ ಮಿದುಳಿನ ವಯಸ್ಸಿಗೂ ಗಂಟು ಹಾಕಿ ಒಂದು ವಾದ ಹೂಡಿದ. ಹರೆಯ ದಾಟಿದರೆ ಬಾಗಿಲು ಮುಚ್ಚಿತು ಅನ್ನೋ ಮಾತು ಅಲ್ಲಿಂದಾಚೆಗೆ ಎಲ್ಲರ ಬಾಯಿಗೂ ಬಂತು. ಆದರೆ 1978ರಲ್ಲಿ ಕ್ಯಾಥರೀನ್ ಸ್ನೋ ಮತ್ತು ಹೂಫ್‌ನಾಗೆಲ್-ಹೋಲೆ ಅನ್ನುವ ಇಬ್ಬರು ಹಾಲೆಂಡಿನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷಿನವರನ್ನು ಪರೀಕ್ಷೆ ಮಾಡಿ ನೋಡಿದರು. ಮೊದಲ ತಿಂಗಳುಗಳಲ್ಲಿ ಜೋರಾಗಿ ಮುಂದೆ ಹೋದವರು ಪುಟ್ಟ ಮಕ್ಕಳಲ್ಲ, ಹರೆಯದವರು ಮತ್ತು ದೊಡ್ಡವರು! ಮೂರರಿಂದ ಐದು ವರ್ಷದ ಕೂಸುಗಳೇ ಎಲ್ಲರಿಗಿಂತ ಹಿಂದೆ. ಉಚ್ಚಾರಣೆ ಬಲಿತ ನಾಲಿಗೆಗೆ ಕಷ್ಟ, ನಿಜ. ಆದರೆ ಪ್ಯಾರಿಸಿನವನ ಹಾಗೆ ಉಲಿಯುವುದಕ್ಕೆ ಯಾರು ಹೊರಟಿದ್ದಾರೆ? ಓದುವುದಕ್ಕೆ, ಕೇಳಿ ತಿಳಿಯುವುದಕ್ಕೆ, ಬೇಕಾದಾಗ ಎದುರುತ್ತರ ಕೊಡುವುದಕ್ಕೆ ನಮ್ಮ ನಾಲಿಗೆ ಧಾರಾಳವಾಗಿ ಸಾಕು.

ಒಮ್ಮೆ ಕಲಿತು ಬಿಟ್ಟವರಿಗೆ ಇನ್ನೂ ಒಂದು ಧೈರ್ಯದ ಮಾತಿದೆ. ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಒಂದು ಪುಸ್ತಕ ಬರೆದ. ಅರ್ಥವೇ ಇಲ್ಲದ ಅಕ್ಷರದ ತುಣುಕುಗಳನ್ನು ಬಾಯಿಪಾಠ ಮಾಡುವುದು, ಮರೆಯುವುದು, ಮತ್ತೆ ಬಾಯಿಪಾಠ ಮಾಡುವುದು, ಎರಡನೇ ಸಲಕ್ಕೆ ಎಷ್ಟು ಹೊತ್ತು ಕಡಿಮೆ ಹಿಡಿಯಿತು ಅಂತ ಲೆಕ್ಕ ಹಾಕುವುದು. ಒಂದು ತಿಂಗಳಾದ ಮೇಲೂ ಸುಮಾರು ನೂರಕ್ಕೆ 21ರಷ್ಟು ಹೊತ್ತು ಉಳಿಯುತ್ತಿತ್ತು. ಅಂದರೆ, ಪೂರಾ ಮರೆತೆವು ಅಂದುಕೊಂಡದ್ದು ಪೂರಾ ಹೋಗಿರುವುದಿಲ್ಲ. ಬೂದಿಯ ಕೆಳಗೆ ಕೆಂಡ ಇರುತ್ತದೆ. ಹಳೇ ಪುಸ್ತಕ ತೆಗೆದು ಮೊದಲ ವಾರ ಏನೂ ನೆನಪಿಲ್ಲ ಅಂತ ಅಳುಕುವ ಗೆಳೆಯರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಲಿ.

ಎರಡನೇ ತಗಾದೆ ಗುರುವಿನದು. ಗುರುವಿಲ್ಲದೆ ವಿದ್ಯೆಯೇ? ಏಕಲವ್ಯನ ಹೆಬ್ಬೆರಳು ಹೋದದ್ದು ಬಿಲ್ಲುವಿದ್ಯೆ ಕಲಿತದ್ದಕ್ಕಲ್ಲ, ಅಪ್ಪಣೆ ಕೇಳದೆ ಕಲಿತದ್ದಕ್ಕೆ. ಆ ಕಥೆ ನಮಗೆ ಬಾಯಿಪಾಠವಾಗಿದೆ. ಅದಕ್ಕೇ ಇನ್ನೊಂದು ಕಥೆ ಹೇಳುತ್ತೇವೆ. ಇದು ಪುರಾಣವಲ್ಲ, ಇತಿಹಾಸ. ಅದೂ ಫ್ರೆಂಚ್ ಕಲಿತ ಇತಿಹಾಸವೇ.

ಜೋಸೆಫ್ ಜಾಕೊಟೊ ಅಂತ ಒಬ್ಬ ಫ್ರೆಂಚ್ ಮೇಷ್ಟ್ರು. 1770ರಲ್ಲಿ ದಿಜೋಂ ಪಟ್ಟಣದಲ್ಲಿ ಹುಟ್ಟಿದವನು. ಫ್ರಾನ್ಸಿನಲ್ಲಿ ರಾಜರು ಮತ್ತೆ ಗದ್ದುಗೆಗೆ ಬಂದಾಗ ದೇಶ ಬಿಟ್ಟು, ಇವತ್ತಿನ ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದಲ್ಲಿ 1818ರಲ್ಲಿ ಪಾಠಕ್ಕೆ ನಿಂತ. ಎದುರಿಗೆ ಕೂತ ಹುಡುಗರಲ್ಲಿ ಬಹಳಷ್ಟು ಮಂದಿಗೆ ಫ್ರೆಂಚ್ ಬಾರದು. ಇವನಿಗೆ ಅವರ ಫ್ಲೆಮಿಷ್ ಬಾರದು. ಪಾಠ ಮಾಡೋದು ಹೇಗೆ? ಫೆನೆಲೋಂ 1699ರಲ್ಲಿ ಬರೆದ 'ತೆಲೆಮಾಕ್' ಅನ್ನುವ ಕಥೆ ಆಗ ತಾನೇ ಒಂದು ಬದಿ ಫ್ರೆಂಚ್, ಒಂದು ಬದಿ ಅವರ ಭಾಷೆ ಇರುವಂತೆ ಅಚ್ಚಾಗಿತ್ತು. ಜಾಕೊಟೊ ದುಭಾಷಿಯ ಮೂಲಕ ಒಂದೇ ಮಾತು ಹೇಳಿಸಿದ: ಎರಡನ್ನೂ ಹೋಲಿಸಿ ಓದಿ, ಓದಿದ್ದನ್ನು ಮತ್ತೆ ಮತ್ತೆ ಹೇಳಿಕೊಳ್ಳಿ, ಆಮೇಲೆ ಓದಿದ್ದರ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಫ್ರೆಂಚಿನಲ್ಲೇ ಬರೆಯಿರಿ. ವ್ಯಾಕರಣ ಹೇಳಿಕೊಡಲಿಲ್ಲ. ಕಾಗುಣಿತ ತಿದ್ದಲಿಲ್ಲ. ಹುಡುಗರು ಬರೆದದ್ದು ನೋಡಿ ಅವನಿಗೇ ದಿಗಿಲಾಯಿತು. ಅಷ್ಟು ಚೆನ್ನಾಗಿ ಬರೆದಿದ್ದರು!

ಆ ದಿಗಿಲಿನಿಂದ ಜಾಕೊಟೊ ಒಂದು ದೊಡ್ಡ ತೀರ್ಮಾನಕ್ಕೆ ಬಂದ. ಎಲ್ಲ ಮನುಷ್ಯರ ಬುದ್ಧಿಯೂ ಸಮಾನ. ವಿವರಿಸುವ ಮೇಷ್ಟ್ರು ಕಲಿಸುವುದಕ್ಕಿಂತ ಮೊದಲು ಮಾಡುವ ಕೆಲಸ ಒಂದಿದೆ: 'ನಾನು ವಿವರಿಸದೆ ನಿನಗೆ ತಿಳಿಯದು' ಅಂತ ಎದುರಿಗಿರುವವರನ್ನು ನಂಬಿಸುವುದು. ಆ ನಂಬಿಕೆಯೇ ಗುಲಾಮಗಿರಿಯ ಬೀಜ. ಅಕ್ಷರ ಬಾರದ ಅಪ್ಪನೂ ಮಗನನ್ನು ಕಲಿಕೆಗೆ ಹಚ್ಚಬಲ್ಲ ಅಂತ ಅವನು ಸಾರಿದ. ಪಂಡಿತರು ಗೇಲಿ ಮಾಡಿದರು, ಮೆಲ್ಲಗೆ ಮರೆತುಬಿಟ್ಟರು. 1987ರಲ್ಲಿ ಜಾಕ್ ರಾನ್ಸಿಯೇರ್ 'ಅಜ್ಞಾನಿ ಮೇಷ್ಟ್ರು' ಅನ್ನುವ ಅರ್ಥದ ಹೆಸರಿಟ್ಟು ಪುಸ್ತಕ ಬರೆದ ಮೇಲೆ ಜಗತ್ತು ಅವನನ್ನು ಮತ್ತೆ ನೆನೆಯಿತು. ಇದರಲ್ಲಿ ಇನ್ನೊಂದು ತಮಾಷೆಯಿದೆ. ಫೆನೆಲೋಂ ಆ ಕಥೆ ಬರೆದದ್ದು ರಾಜನ ಮೊಮ್ಮಗನ ವಿದ್ಯಾಭ್ಯಾಸಕ್ಕೆ. ಅರಮನೆಯ ಪಾಠದ ಪುಸ್ತಕ ಯಾರ ಯಾರ ಕೈಗೋ ಬಂದು ಏಣಿಯಾಯಿತು. ಪುಸ್ತಕಕ್ಕೆ ಯಜಮಾನರಿರುವುದಿಲ್ಲ.

ಅವರು ವಿಶ್ವವಿದ್ಯಾಲಯದ ಹುಡುಗರು, ಲಿಪಿಯೂ ಒಂದೇ, ನಮ್ಮ ಪಾಡು ಬೇರೆ ಅಂತ ನೀವು ಅನ್ನಬಹುದು. ಬೇರೆಯೇ. ಆದರೆ ಇಂಗ್ಲಿಷಿನ ದೆಸೆಯಿಂದ ರೋಮನ್ ಅಕ್ಷರ ನಮಗೂ ಗೊತ್ತು. ಅಷ್ಟೇ ಅಲ್ಲ, ಫ್ರೆಂಚಿನ ಮೂಟೆಗಟ್ಟಲೆ ಪದ ಆಗಲೇ ನಮ್ಮ ಊರಿಗೆ ಬಂದು ಕೂತಿದೆ. ಕೋರ್ಟು, ಜಡ್ಜು, ಜೈಲು, ವಾರಂಟು, ಪೊಲೀಸು, ರೆವಿನ್ಯೂ. ಬಡವರ ಬೆನ್ನ ಮೇಲೆ ಬೀಳುವ ಈ ಪದಗಳೆಲ್ಲ ಇಂಗ್ಲಿಷಿಗೆ ಫ್ರೆಂಚಿನಿಂದ ಬಂದವೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿ ಆಳುವವರ ಭಾಷೆ ಫ್ರೆಂಚ್ ಆಯಿತು, ರೈತರ ಭಾಷೆ ಇಂಗ್ಲಿಷ್ ಆಯಿತು. ಮುನ್ನೂರು ವರ್ಷ ಕಳೆದು 1362ರಲ್ಲಿ, ಜನಕ್ಕೆ ಫ್ರೆಂಚ್ ತಿಳಿಯದು, ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ ಕಾನೂನು ಮಾಡಿದರು. ಆ ಕಾನೂನನ್ನೂ ಬರೆದದ್ದು ಫ್ರೆಂಚಿನಲ್ಲೇ! ಇವತ್ತು ನಮ್ಮ ಮಕ್ಕಳ ಎದುರು ಮೀಸೆ ತಿರುವುವ ಇಂಗ್ಲಿಷು ಒಂದು ಕಾಲಕ್ಕೆ ತನ್ನ ಊರಿನಲ್ಲೇ ಹೊರಗೆ ನಿಂತಿದ್ದ ಭಾಷೆ. ಭಾಷೆಗಳಲ್ಲಿ ಮೇಲು ಕೀಳು ಹುಟ್ಟಿನಿಂದ ಬರುವುದಿಲ್ಲ, ಅಧಿಕಾರದಿಂದ ಬರುತ್ತದೆ.

ಮೂರನೇ ತಗಾದೆ ಕಷ್ಟದ್ದು. ಫ್ರೆಂಚು ನಾಜೂಕಿನ ಭಾಷೆ, ಬರೆಯುವುದೊಂದು ಓದುವುದೊಂದು, ನಮ್ಮಂಥವರ ತಲೆಗೆ ಹತ್ತುವುದಲ್ಲ ಅನ್ನುತ್ತಾರೆ. ಬರೆಯುವುದೊಂದು ಓದುವುದೊಂದು ಅನ್ನೋದು ಖರೆ. 'ಓ' ಅಂದರೆ ನೀರು, ಒಂದೇ ಸ್ವರ, ಬರೆಯಲು ಮೂರು ಅಕ್ಷರ ಬೇಕು. 'ಬೊಕೂ' ಅಂದರೆ ಬಹಳ, ಕಿವಿಗೆ ಎರಡೇ ಗುಣಿತ, ಬರೆದರೆ ಎಂಟು ಅಕ್ಷರ. 'ಮಾತಾಡು' ಅನ್ನುವ ಕ್ರಿಯಾಪದಕ್ಕೆ ನಾನು, ನೀನು, ಅವನು, ಅವರು ಅಂತ ಹಾಕಿದರೆ ಬಾಯಲ್ಲಿ ನಾಲ್ಕೂ 'ಪಾರ್ಲ್', ಕಾಗದದಲ್ಲಿ ಮೂರು ಥರ. ಇದು ಯಾಕೆ ಹೀಗಿದೆ? ನಮ್ಮ ತಲೆ ದಪ್ಪ ಅಂತಲೋ?

ಅಲ್ಲ ಸ್ವಾಮಿ. ಕಾರ್ಡಿನಲ್ ರಿಶೆಲ್ಯೂ 1635ರಲ್ಲಿ ಫ್ರೆಂಚ್ ಅಕಾಡೆಮಿ ಕಟ್ಟಿಸಿದ. ಕಾಗುಣಿತ ಹೇಗಿರಬೇಕು ಅನ್ನುವ ಚರ್ಚೆ ಬಂದಾಗ, ಅಕಾಡೆಮಿಯ ಮೆಜರೇ 1673ರಲ್ಲಿ ಬರೆದಿಟ್ಟ ಅಭಿಪ್ರಾಯದ ತಿರುಳು ಇದು: ಹಳೆಯ ಕಾಗುಣಿತವೇ ಇರಲಿ, ಅದು ಓದಿದವರನ್ನು ಅಜ್ಞಾನಿಗಳಿಂದಲೂ ಬರಿಯ ಹೆಂಗಸರಿಂದಲೂ ಬೇರೆ ಮಾಡಿ ತೋರಿಸುತ್ತದೆ! ಕೇಳಿದಿರಾ? ಬೇಲಿ ಹಾಕಿದವನು ಬೇಲಿ ಅಂತ ತಾನೇ ಒಪ್ಪಿಕೊಂಡಿದ್ದಾನೆ. ಕಾಗುಣಿತ ತಪ್ಪಿದಾಗ ನಾಚುವ ಗೆಳೆಯರೇ, ಅದು ನಿಮ್ಮ ಬುದ್ಧಿಯ ಕೊರತೆ ಅಲ್ಲ. ನಿಮ್ಮಂಥವರು ಒಳಗೆ ಬರಬಾರದು ಅಂತಲೇ ಉಳಿಸಿಕೊಂಡ ಮುಳ್ಳು ಅದು. ಮುಳ್ಳು ಎಲ್ಲಿದೆ ಅಂತ ಗೊತ್ತಾದರೆ ದಾಟುವುದು ಕಷ್ಟವಲ್ಲ.

ಫ್ರಾನ್ಸಿನ ರೈತನ ಮಕ್ಕಳಿಗೂ ಈ ಮುಳ್ಳು ಚುಚ್ಚಿದೆ. ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಪಾದ್ರಿ ಗ್ರೆಗ್ವಾರ್ ಒಪ್ಪಿಸಿದ ವರದಿಯ ಪ್ರಕಾರ ಕನಿಷ್ಠ 60 ಲಕ್ಷ ಫ್ರೆಂಚರಿಗೆ ಫ್ರೆಂಚೇ ಬಾರದು, ಇನ್ನೂ ಅಷ್ಟೇ ಮಂದಿಗೆ ನೆಟ್ಟಗೆ ಮಾತಾಡಲು ಬಾರದು, ಶುದ್ಧವಾಗಿ ಮಾತಾಡಬಲ್ಲವರು 30 ಲಕ್ಷ ಮೀರರು. ಹಾಗಾದರೆ ಉಳಿದವರ ತಾಯಿಮಾತು? ಅದನ್ನು ಅಳಿಸಿಬಿಡಬೇಕು ಅನ್ನುವುದೇ ಆ ವರದಿಯ ಸಲಹೆ. ಜೂಲ್ ಫೆರಿ 1881-82ರಲ್ಲಿ ಬಿಟ್ಟಿ, ಕಡ್ಡಾಯ ಶಾಲೆಯ ಕಾನೂನು ತಂದ. ಒಳ್ಳೆಯ ಕೆಲಸವೇ. ಆದರೆ ಬ್ರಿಟನಿ ಸೀಮೆಯ ಶಾಲೆಗಳಲ್ಲಿ ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಮರದ ತುಂಡನ್ನೋ ಹಳೇ ಮೆಟ್ಟನ್ನೋ ನೇತುಹಾಕುತ್ತಿದ್ದರು. ಆ ಮಗು ಮಾತೃಭಾಷೆ ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಟ್ಟರೆ ಮಾತ್ರ ಅದು ಅಲ್ಲಿಗೆ ದಾಟುತ್ತಿತ್ತು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ಕನ್ನಡ ಮಾತಾಡಿದ್ದಕ್ಕೆ ಶಾಲೆಯಲ್ಲಿ ದಂಡ ಕಟ್ಟಿದ ಮಕ್ಕಳಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

'ಶುದ್ಧ' ಅನ್ನುವುದು ಎಂಥ ಸುಳ್ಳು ಅಂತ ನೋಡಲು ಎಪ್ಪತ್ತು ಎಣಿಸಿದರೆ ಸಾಕು. ಫ್ರಾನ್ಸಿನವರು ಎಪ್ಪತ್ತಕ್ಕೆ ಅರವತ್ತು-ಹತ್ತು ಅನ್ನುತ್ತಾರೆ, ಎಂಬತ್ತಕ್ಕೆ ನಾಲ್ಕು-ಇಪ್ಪತ್ತು, ತೊಂಬತ್ತಕ್ಕೆ ನಾಲ್ಕು-ಇಪ್ಪತ್ತು-ಹತ್ತು. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನ ಫ್ರೆಂಚರು ಸಲೀಸಾಗಿ 'ಸೆಪ್ತಾಂತ್', 'ನೊನಾಂತ್' ಅನ್ನುತ್ತಾರೆ. ಯಾವುದು ಸರಿ? ಗದ್ದುಗೆ ಎಲ್ಲಿದೆಯೋ ಅದೇ ಸರಿ ಅನ್ನುತ್ತದೆ ಪಠ್ಯಪುಸ್ತಕ. ನಾವು ಎರಡನ್ನೂ ಕಲಿಯುತ್ತೇವೆ.

ಕನ್ನಡದವರಿಗೆ ಈ ಭಾಷೆಯಲ್ಲಿ ಸಲೀಸಾದದ್ದೂ ಉಂಟು. ಇಂಗ್ಲಿಷಿನವರು ತಿಣುಕುವ ಒಂದು ಜಾಗ ನಮಗೆ ಹುಟ್ಟುತ್ತಲೇ ಗೊತ್ತು. ಫ್ರೆಂಚಿನಲ್ಲಿ 'ತ್ಯು' ಅಂದರೆ ನೀನು, 'ವೂ' ಅಂದರೆ ನೀವು. ಏಕವಚನ ಅಂದರೇನು ಅಂತ ನಮಗೆ ವ್ಯಾಕರಣದವರು ಹೇಳಿಕೊಡಬೇಕೇ? ಅರವತ್ತು ವರ್ಷದ ನಮ್ಮಪ್ಪನನ್ನು ಗೌಡರ ಮನೆಯ ಹತ್ತು ವರ್ಷದ ಹುಡುಗ 'ಬಾರೋ' ಅಂತ ಕರೆದದ್ದನ್ನು ಕೇಳಿ ಬೆಳೆದವರು ನಾವು. 1793ರಲ್ಲಿ ಕ್ರಾಂತಿಯ ಬಿಸಿಯಲ್ಲಿ ಪ್ಯಾರಿಸಿನ ಸಾಮಾನ್ಯ ಜನರ ಸಂಘಗಳು ಎಲ್ಲರಿಗೂ ಒಂದೇ 'ತ್ಯು' ಸಾಕು, ದೊಡ್ಡವರಿಗೊಂದು ಚಿಕ್ಕವರಿಗೊಂದು ಬೇಡ ಅಂತ ಪಟ್ಟು ಹಿಡಿದವು. ಅದೇ ಫ್ರೆಂಚರ ವಸಾಹತುಗಳಲ್ಲಿ ಅದೇ 'ತ್ಯು' ಚಾಟಿಯಾಯಿತು. ಮಾರ್ಟಿನಿಕ್ ದ್ವೀಪದ ಫ್ರಾಂಜ್ ಫ್ಯಾನನ್ 1952ರ ತನ್ನ ಪುಸ್ತಕದಲ್ಲಿ ಬಿಳಿಯ ವೈದ್ಯ ಕರಿಯರನ್ನೂ ಅರಬರನ್ನೂ ಕಂಡ ಕೂಡಲೇ ಏಕವಚನಕ್ಕೂ ಮುರುಕು ಮಾತಿಗೂ ಇಳಿಯುವುದನ್ನು ಬಯಲಿಗೆಳೆದ. ಸಮಾನರ ನಡುವೆ ಪ್ರೀತಿಯಾಗುವ ಪದ, ಮೇಲಿಂದ ಬಿದ್ದರೆ ಒದೆ. ಇದನ್ನು ನಮಗಿಂತ ಚೆನ್ನಾಗಿ ಯಾವ ಪ್ರೊಫೆಸರು ಬಲ್ಲ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಲಿತು ಏನು ಮಾಡುತ್ತೀರಿ?

ಓದುತ್ತೇವೆ. ಮೊದಲಿಗೆ ನಮ್ಮ ಬಗ್ಗೆ ಬರೆದದ್ದನ್ನು ಓದುತ್ತೇವೆ. ಫ್ರೆಂಚ್ ನಿಘಂಟು ತೆಗೆದರೆ 'ಪಾರಿಯಾ' ಅಂತ ಒಂದು ಪದ ಸಿಗುತ್ತದೆ. ಸಮಾಜ ಹೊರಗಿಟ್ಟವನು ಅಂತ ಅರ್ಥ. ಎಲ್ಲಿಂದ ಹೋಯಿತು ಅದು? ತಮಿಳು ನಾಡಿನ ಪರೈ ಅನ್ನುವ ತಮಟೆಯಿಂದ, ಅದನ್ನು ಬಾರಿಸುತ್ತಿದ್ದವರ ಹೆಸರಿನಿಂದ. ನಮ್ಮವರ ಚರ್ಮವಾದ್ಯದ ಸದ್ದು ಯೂರೋಪಿನ ನಿಘಂಟಿಗೆ ಹೋಗಿ ಬೈಗುಳವಾಗಿ ಕೂತಿದೆ. 1838ರಲ್ಲಿ ಫ್ಲೋರಾ ತ್ರಿಸ್ತಾಂ ಅನ್ನುವ ಹೆಣ್ಣುಮಗಳು, ಗಂಡನನ್ನು ಬಿಟ್ಟು ಬಂದು ಮುಂದೆ ಕಾರ್ಮಿಕರ ಪರವಾಗಿ ಊರೂರು ತಿರುಗಿದವಳು, ತನ್ನ ಪ್ರವಾಸದ ಪುಸ್ತಕದ ಹೆಸರಿನಲ್ಲೇ ತನ್ನನ್ನು ಪಾರಿಯಾ ಅಂತ ಕರೆದುಕೊಂಡಳು. ಹೆಸರು ನಮ್ಮದು, ಬಳಸಿಕೊಂಡವರು ಎಷ್ಟೋ ಮಂದಿ. ಬಳಸಿದವರು ಏನು ಬರೆದರು ಅಂತ ತಿಳಿಯುವ ಹಕ್ಕು ನಮಗಿಲ್ಲವೇ?

ಅಬ್ಬೆ ದುಬಾಯ್ ಅಂತ ನಮ್ಮವರು ಕರೆಯುವ ಫ್ರೆಂಚ್ ಪಾದ್ರಿ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ. ಇಲ್ಲಿನ ಬಟ್ಟೆ ತೊಟ್ಟ, ಇಲ್ಲಿನ ಮಾತು ಕಲಿತ. ಬಲಿತ ಮೇಲೆ ಬಂದವನಿಗೆ 'ನಿಮಗ್ಯಾಕ್ರೀ ನಮ್ಮ ಭಾಷೆ, ವಯಸ್ಸಾಯಿತು' ಅಂತ ಯಾರೂ ಅನ್ನಲಿಲ್ಲ ನೋಡಿ! 1823ರವರೆಗೆ ಈ ದೇಶದಲ್ಲಿದ್ದು, ಹಿಂದೂಗಳ ಆಚಾರ ವಿಚಾರದ ಬಗ್ಗೆ ದಪ್ಪನೆಯ ಪುಸ್ತಕ ಕೊಟ್ಟ. 1816ರಲ್ಲಿ ಇಂಗ್ಲಿಷಿನಲ್ಲಿ, 1825ರಲ್ಲಿ ಫ್ರೆಂಚಿನಲ್ಲಿ ಅಚ್ಚಾಯಿತು. ಅದರಲ್ಲಿ ಜಾತಿಪದ್ಧತಿಯನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಸೃಷ್ಟಿ ಅಂತ ಹೊಗಳಿದ್ದಾನೆ. ಅಸ್ಪೃಶ್ಯರ ಬಗ್ಗೆ ಅಸಹ್ಯ ಕಾರಿದ್ದಾನೆ. ಇನ್ನೂ ತಮಾಷೆ ಅಂದರೆ, ಆ ಪುಸ್ತಕದ ಬಹುಭಾಗ ಕೇರ್ದೂ ಅನ್ನುವ ಹಿಂದಿನ ಪಾದ್ರಿಯ ಹಸ್ತಪ್ರತಿಯಿಂದ ಎತ್ತಿದ್ದು ಅಂತ ಸಿಲ್ವಿಯಾ ಮ್ಯೂರ್ 1987ರಲ್ಲಿ ಫ್ರೆಂಚ್ ಮೂಲಗಳನ್ನು ಕೂರಿಸಿ ನೋಡಿ ತೋರಿಸಿದಳು. ಫ್ರೆಂಚ್ ಬಂದದ್ದರಿಂದ ಕಳವು ಸಿಕ್ಕಿತು!

ಅಲ್ಲಿಗೇ ನಿಲ್ಲಲಿಲ್ಲ. 1966ರಲ್ಲಿ ಲೂಯಿ ದ್ಯುಮೋಂ 'ಹೋಮೋ ಹಿಯೆರಾರ್ಕಿಕುಸ್' ಬರೆದ. ಜಾತಿ ಅಂದರೆ ಶುದ್ಧ-ಅಶುದ್ಧದ ಶ್ರೇಣಿ, ಎಲ್ಲರೂ ಒಳಗೊಂಡ ಒಂದು ವ್ಯವಸ್ಥೆ ಅನ್ನುವ ಚಿತ್ರವನ್ನು ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಕೊಟ್ಟವನು ಅವನು. ಕೆಳಗಿನಿಂದ ನೋಡಿದರೆ ಅದು ಶ್ರೇಣಿಯಲ್ಲ, ಸುಲಿಗೆ ಅಂತ ಜೋನ್ ಮೆಂಚರ್ 1974ರಲ್ಲಿ ಉತ್ತರ ಕೊಟ್ಟಳು. ಇತ್ತ ಪಾಂಡಿಚೇರಿ ಸೀಮೆಯ ಹೊಲದ ಕೂಲಿ ವೀರಮ್ಮ ತಮಿಳಿನಲ್ಲಿ ಹೇಳಿದ ತನ್ನ ಬದುಕು 1995ರಲ್ಲಿ ಮೊದಲು ಪುಸ್ತಕವಾಗಿ ಬಂದದ್ದು ಫ್ರೆಂಚಿನಲ್ಲಿ, ಪ್ಯಾರಿಸಿನಲ್ಲಿ. ಪಕ್ಕದ ಸೀಮೆಯ ನಮ್ಮವ್ವನ ಕಥೆ ಸಮುದ್ರದಾಚೆ ಓದಿಸಿಕೊಳ್ಳುತ್ತದೆ, ನಮಗೆ ಮಾತ್ರ 'ಯಾಕ್ರೀ ಫ್ರೆಂಚು'!

ಈಗ ಸಿಟ್ಟಾದ ಸಂಗಾತಿಗಳಿಗೆ. ಅವರು ಕೇಳುವುದು ಇದು: ಫ್ರೆಂಚು ಆಳಿದವರ ಭಾಷೆ, ಕನ್ನಡವೇ ಒದ್ದಾಡುತ್ತಿರುವಾಗ ಇದೆಲ್ಲ ಯಾವ ಕ್ರಾಂತಿ? ಪ್ರಶ್ನೆ ಸರಿಯಾಗಿದೆ. ಉತ್ತರವನ್ನು ಒಬ್ಬ ಹಮಾಲಿ ಕೊಟ್ಟಿದ್ದಾನೆ.

ಸೆಂಬೇನ್ ಉಸ್ಮಾನ್ 1923ರಲ್ಲಿ ಸೆನೆಗಲ್ ದೇಶದ ಮೀನುಗಾರನ ಮನೆಯಲ್ಲಿ ಹುಟ್ಟಿದ. ಶಾಲೆಯಿಂದ ಬೇಗ ಹೊರಬಿದ್ದ. ಗಾರೆ ಕೆಲಸ ಮಾಡಿದ, ಎರಡನೇ ಮಹಾಯುದ್ಧದಲ್ಲಿ ಫ್ರೆಂಚರ ಪರವಾಗಿ ಸೈನಿಕನಾದ, ಆಮೇಲೆ ಮಾರ್ಸೇ ಬಂದರಿನಲ್ಲಿ ಮೂಟೆ ಹೊತ್ತ. ಹೊರುತ್ತಾ ಕಾರ್ಮಿಕ ಸಂಘಕ್ಕೆ ಸೇರಿದ, ಸಂಘದ ಪುಸ್ತಕಗಳನ್ನು ಓದುತ್ತಾ ಬಲಿತ ವಯಸ್ಸಿನಲ್ಲಿ ತನ್ನ ಫ್ರೆಂಚನ್ನು ತಾನೇ ಕಟ್ಟಿಕೊಂಡ. 1956ರಲ್ಲಿ ಮೊದಲ ಕಾದಂಬರಿ, ಬಂದರಿನ ಕರಿಯ ಹಮಾಲಿಯ ಬಗ್ಗೆ. 1960ರಲ್ಲಿ ಬಂದ ಕಾದಂಬರಿ 1947-48ರ ಡಕಾರ್-ನೈಜರ್ ರೈಲ್ವೆ ಮುಷ್ಕರದ ಬಗ್ಗೆ. ಆಮೇಲೆ? ತನ್ನ ಹಳ್ಳಿಯ ಜನ ಫ್ರೆಂಚ್ ಓದಲಾರರು ಅಂತ ಸಿನಿಮಾಕ್ಕೆ ತಿರುಗಿದ. 1968ರಲ್ಲಿ 'ಮಂಡಬಿ' ಚಿತ್ರವನ್ನು ತನ್ನ ಜನರ ವೊಲೊಫ್ ಭಾಷೆಯಲ್ಲಿ ತೆಗೆದ. 1970ರ ದಶಕದ ಮೊದಲಲ್ಲಿ ಗೆಳೆಯರ ಜೊತೆ ಸೇರಿ 'ಕಡ್ಡು' ಅನ್ನುವ ವೊಲೊಫ್ ಪತ್ರಿಕೆ ತಂದ. ನಮ್ಮದರಂಥದೇ ಒಂದು ಸಣ್ಣ ಪತ್ರಿಕೆ! ಅಲ್ಜೀರಿಯಾದ ಕತೆಬ್ ಯಾಸಿನ್ ಕೂಡ ಹಾಗೇ. 1956ರಲ್ಲಿ ಫ್ರೆಂಚಿನಲ್ಲಿ ದೊಡ್ಡ ಕಾದಂಬರಿ ಬರೆದವನು 1970ರ ದಶಕದಲ್ಲಿ ಬೀದಿಯ ಆಡುಮಾತಿನ ನಾಟಕಕ್ಕೆ ಬಂದ. ಇವರು ಫ್ರೆಂಚಿಗೆ ಶರಣು ಹೋಗಲಿಲ್ಲ. ಅದನ್ನು ಗೆದ್ದು, ಗೆದ್ದದ್ದನ್ನು ತಮ್ಮ ಮನೆಗೆ ಹೊತ್ತು ತಂದರು.

ನಮ್ಮ ಬಾಬಾಸಾಹೇಬರನ್ನೇ ನೋಡಿ. ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡದೆ ಪಾರ್ಸಿ ತಗೋಬೇಕಾಯಿತ್ತು. ಮುಂದೆ ಸಂಸ್ಕೃತವನ್ನು ತಮ್ಮ ಪ್ರಯತ್ನದಿಂದಲೇ ಕಲಿತರು, ಕಲಿತು ಶಾಸ್ತ್ರಗಳನ್ನೇ ಕಟಕಟೆಗೆ ತಂದರು. 1913ರಲ್ಲಿ ಕೊಲಂಬಿಯಾಕ್ಕೆ ಹೋದಾಗ ಅರ್ಥಶಾಸ್ತ್ರ, ಇತಿಹಾಸದ ರಾಶಿ ಪಾಠಗಳ ನಡುವೆ ಫ್ರೆಂಚಿನ ಒಂದು, ಜರ್ಮನ್ನಿನ ಒಂದು ಮೊದಲ ಪಾಠವನ್ನೂ ತಗೊಂಡಿದ್ದರು. ಅದೇ ಬಾಬಾಸಾಹೇಬರು 1954ರ ಅಕ್ಟೋಬರಿನಲ್ಲಿ ಆಕಾಶವಾಣಿಯಲ್ಲಿ ಮಾತಾಡುತ್ತಾ, ಸ್ವಾತಂತ್ರ್ಯ ಸಮಾನತೆ ಭ್ರಾತೃತ್ವ ಅನ್ನುವ ಮೂರು ಮಾತನ್ನು ತಾವು ಫ್ರೆಂಚ್ ಕ್ರಾಂತಿಯಿಂದ ಸಾಲ ತಂದದ್ದಲ್ಲ, ಬುದ್ಧನಿಂದ ಪಡೆದದ್ದು ಅಂತ ಸ್ಪಷ್ಟವಾಗಿ ಹೇಳಿದರು. ಕಲಿಯಬೇಕು, ಆದರೆ ಋಣಿಯಾಗಿ ಬಗ್ಗಬೇಕಿಲ್ಲ. ಇದೇ ನಮ್ಮ ದಾರಿ.

ದಾರಿ ಹೇಗೆ ಅಂತ ಕೇಳುವ ಹಳ್ಳಿ ಮೇಷ್ಟ್ರುಗಳಿಗೆ, ಹುಡುಗರಿಗೆ ನಾಲ್ಕು ಮಾತು. ಅಂಗಡಿಯಲ್ಲಿ ಸಿಗುವ ಫ್ರೆಂಚ್ ಪುಸ್ತಕ ಬಹುಪಾಲು ಇಂಗ್ಲಿಷಿನ ಬಾಗಿಲಿನಿಂದಲೇ ಒಳಗೆ ಬಿಡುತ್ತದೆ. ಹೀಗೆ ಎರಡು ಕಡೆ ಸುಂಕ ಕಟ್ಟುವುದು ಯಾಕೆ? ಜಾಕೊಟೊನ ಹಾಗೆ ಎರಡು ಬದಿಯ ಪಠ್ಯ ನಮಗೂ ಒಂದಿದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ. 1948ರ ಡಿಸೆಂಬರ್ 10ರಂದು ಪ್ಯಾರಿಸಿನಲ್ಲೇ ಒಪ್ಪಿದ್ದು. ಮೂವತ್ತು ವಿಧಿಗಳು. ಫ್ರೆಂಚಿನಲ್ಲೂ ಇದೆ, ಕನ್ನಡದಲ್ಲೂ ಇದೆ, ಬಿಟ್ಟಿ ಸಿಗುತ್ತದೆ. ಪಕ್ಕಪಕ್ಕ ಇಟ್ಟುಕೊಂಡು ದಿನಕ್ಕೊಂದು ವಿಧಿ ಓದಿ. ಓದುತ್ತಾ ಹೋದರೆ ಜಗಳಕ್ಕೂ ವಸ್ತು ಸಿಗುತ್ತದೆ. ಇಂಗ್ಲಿಷಿನ ಮೊದಲ ವಿಧಿಯಲ್ಲಿ 'ಎಲ್ಲ ಗಂಡಸರು' ಅನ್ನುವಂತಿದ್ದ ಮಾತನ್ನು 'ಎಲ್ಲ ಮಾನವರು' ಅಂತ ಮಾಡಿಸಿದವರು ನಮ್ಮ ದೇಶದ ಹಂಸಾ ಮೆಹ್ತಾ. ಫ್ರೆಂಚಿನ ತಲೆಬರಹದಲ್ಲಿ ಮಾತ್ರ ಮನುಷ್ಯನಿಗೂ ಗಂಡಸಿಗೂ ಒಂದೇ ಆದ 'ಓಮ್' ಹಾಗೇ ಕೂತಿದೆ. ಯಾಕೆ ಅಂತ ಹೆಣ್ಣುಮಕ್ಕಳು ಕೇಳಲಿ.

ಪದಗಳನ್ನು ಚೀಟಿಯಲ್ಲಿ ಬರೆದು ರಟ್ಟಿನ ಡಬ್ಬಿಯಲ್ಲಿ ಮನೆ ಮಾಡಿ ಇಡಿ. ಬಂದದ್ದು ಹಿಂದಿನ ಮನೆಗೆ, ಬಾರದ್ದು ಮತ್ತೆ ಮೊದಲ ಮನೆಗೆ. ಮೊದಲ ಮನೆಯನ್ನು ದಿನಾ ತೆಗೆಯಿರಿ, ಹಿಂದಿನ ಮನೆಯನ್ನು ಎಂದಾದರೊಮ್ಮೆ. ಈ ಉಪಾಯವನ್ನು ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಪತ್ರಕರ್ತ 1972ರಲ್ಲಿ ಜನಕ್ಕೆ ಹೇಳಿಕೊಟ್ಟ. ಖರ್ಚು ಒಂದು ಚಪ್ಪಲಿ ಡಬ್ಬಿ. ಕಿವಿಗೆ ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೋದ ಸುಲಭ ಫ್ರೆಂಚ್ ವಾರ್ತೆ ಇದೆ, ಹತ್ತು ನಿಮಿಷದ್ದು. ಬಾಯಿಗೆ ಕಷ್ಟದ ಸ್ವರ ಒಂದೇ: 'ಈ' ಅನ್ನಲು ನಾಲಿಗೆ ಹಾಗೇ ಇಟ್ಟುಕೊಂಡು ತುಟಿ ಮಾತ್ರ 'ಊ' ಅನ್ನುವಂತೆ ಮುಂದೆ ಚಾಚಿ, ಬಂದೇ ಬರುತ್ತದೆ. ಮೂಗಿನ ಸ್ವರಕ್ಕೆ ನಮಗೆ ಅನುಸ್ವಾರದ ಅಭ್ಯಾಸ ಇದೆ. ಮತ್ತೆ, ಒಬ್ಬರೇ ಕೂರಬೇಡಿ. ಸ್ವಂತ ಕಲಿಕೆ ಅಂದರೆ ಒಂಟಿ ಕಲಿಕೆ ಅಲ್ಲ. ಇಬ್ಬರು ಮೂವರು ಸೇರಿ, ಕಲಿತದ್ದನ್ನು ಕನ್ನಡದಲ್ಲೇ ಬರೆದು ಜೆರಾಕ್ಸ್ ಮಾಡಿ ಹಂಚಿ. ಮುಂದೆ ಬರುವವರಿಗೆ ಇಂಗ್ಲಿಷಿನ ಸುಂಕ ತಪ್ಪಲಿ.

2022ರ ಫ್ರಾಂಕೊಫೋನಿ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಫ್ರೆಂಚ್ ಮಾತಾಡುವವರು 32 ಕೋಟಿ ಚಿಲ್ಲರೆ. ಅವರಲ್ಲಿ ಹೆಚ್ಚಿನವರು ಪ್ಯಾರಿಸಿನ ಹೋಟೆಲಿನಲ್ಲಿ ಕೂತವರಲ್ಲ, ಆಫ್ರಿಕಾದ ಮಾರುಕಟ್ಟೆಯಲ್ಲಿ ನಿಂತವರು. ಅವರೊಡನೆ ಲಂಡನ್ನಿನ ಮಧ್ಯಸ್ಥಿಕೆಯಿಲ್ಲದೆ ನಾವು ನೇರ ಮಾತಾಡಬೇಕು. ನಿಮ್ಮ ಊರಿನ ಹೊರಗೆ ಯಾರಿದ್ದಾರೆ ಅಂತ ಅವರು ಕೇಳಬೇಕು, ನಾವು ಹೇಳಬೇಕು.

ಹಾಗಾಗಿ ಗೆಳೆಯರೇ, ಅಟ್ಟದ ಮೇಲಿನ ಆ ಹಳೇ ಪುಸ್ತಕ ಇಳಿಸಿ, ಧೂಳು ಕೊಡವಿ. ಯಾರ ಅಪ್ಪಣೆಗೂ ಕಾಯಬೇಡಿ. "ನಿಮಗ್ಯಾಕೆ" ಅಂತ ಕೇಳಿದವರಿಗೆ ಒಂದೇ ಪ್ರಶ್ನೆ ತಿರುಗಿಸಿ ಹಾಕಿ: "ನಮಗೆ ಬೇಡ ಅಂತ ಹೇಳೋಕೆ ನೀವ್ಯಾರು?"